ಸೇವ್ ಒತ್ತಿದ ಮ್ಯಾಲ ಆ ಕಡೆ ಏನಾಕೈತಿ?

ದಸರಾ ಸೂಟಿಗೆ ಅಕ್ಕನ ಮಗಳು ಕಾರಟಗಿಗೆ ಬಂದಿದ್ಲು, ಗಂಗಾವತಿಯೊಳಗ ಬಿಸಿಎ ಎರಡನೇ ವರ್ಷ ಓದಾಕತ್ಯಾಳ. ಬಂದ ದಿನಾನ ಲ್ಯಾಪ್‌ಟಾಪ್ ತಗದು ತಾನು ಮಾಡಿದ ಒಂದು ಪೇಜ್ ತೋರಿಸಿದ್ಲು. ರೈತನ ಹೆಸರು, ಊರು, ಎಷ್ಟು ಚೀಲ ಭತ್ತ, ಕೆಳಗ ಹಸರು ಬಣ್ಣದ ಸೇವ್ ಬಟನ್. ಒತ್ತಿದ್ರ ಕೆಳಗಿನ ಟೇಬಲ್‌ನಾಗ ಒಂದು ಸಾಲು ಬಂದು ಕುಂದ್ರತಿತ್ತು. ಭಾಳ ಚಂದ ಐತಿ ಅಂದೆ. ಆಕಿ ಏನೂ ಮಾತಾಡ್ಲಿಲ್ಲ, ರಿಫ್ರೆಶ್ ಒತ್ತಿದ್ಲು, ಟೇಬಲ್ ಖಾಲಿ. "ಮಾಮಾ, ಇದು ಎಲ್ಲಿ ಉಳೀಬೇಕು? ಸೇವ್ ಒತ್ತಿದ ಮ್ಯಾಲ ಆ ಕಡೆ ಏನಾಕೈತಿ ಅನ್ನೋದು ನನಗ ತಿಳಿವಲ್ದು" ಅಂದ್ಲು.

ಈ ಪ್ರಶ್ನೆ ಕೇಳಿ ನನಗ ಖರೇನ ಖುಷಿ ಆತು, ಯಾಕಂದ್ರ 2016ರಾಗ ಕಾಕಾನ ರೈಸ್ ಮಿಲ್ಲಿಗೆ ಅಂತ ಮೊದಲ್ನೇ ಸಲ ಒಂದು ವೆಬ್ ಆ್ಯಪ್ ಬರಿಯೋ ಮುಂದ ನನಗೂ ಈ "ಆ ಕಡೆ" ಅನ್ನೋದು ಪೂರಾ ಕತ್ತಲಿ ಇತ್ತು, ಅಲ್ಲಿಂದ ಇಲ್ಲಿಗೆ ಬರಾಕ ನಾ ಮಾಡಿದ ತಪ್ಪುಗಳಿಂದ ಮಿಲ್ಲಿನ ಲೆಕ್ಕದಾಗ ಖರೇ ರೊಕ್ಕದ ಹೆಚ್ಚುಕಮ್ಮಿ ಆಗೈತಿ. ಸುಗ್ಗಿಗೆ ಇನ್ನೂ ಒಂದು ತಿಂಗಳ ಇತ್ತು, ಮಿಲ್ಲಿನಾಗ ಕೆಲಸ ಕಡಿಮಿ, ನಾಲ್ಕು ದಿನ ಆಕಿ ಜೊತಿ ಕುಂತು ಹೇಳಿದ್ದನ್ನ ಇಲ್ಲಿ ಬರದಿಡಾಕತ್ತೀನಿ. ಇದನ್ನ ಕನ್ನಡದಾಗ ಹುಡುಕೋ ಇನ್ನೊಬ್ಬರಿಗೆ ಸಿಗಲಿ ಅಂತ.

ಸರ್ವರ್ ಅಂದ್ರ ಬೆಂಗಳೂರಾಗೋ ಮುಂಬೈದಾಗೋ ಎಸಿ ರೂಮಿನಾಗ ಇರೋ ದೊಡ್ಡ ಮಷಿನ್ ಅಂತ ಆಕಿ ತಿಳಕೊಂಡಿದ್ಲು. ಮಷಿನ್ ಇರತೈತಿ, ಸುಳ್ಳಲ್ಲ. ಆದ್ರ ಮೂಲದಾಗ ಸರ್ವರ್ ಅಂದ್ರ ಒಂದು ಪ್ರೋಗ್ರಾಮ್ ಅಷ್ಟ. ಯಾರರ ಏನರ ಕೇಳ್ತಾರೇನು ಅಂತ ಒಂದು ಪೋರ್ಟ್ ನಂಬರಿನ (ಒಂದ ಮಷಿನ್ನಿಗೆ ಇರೋ ಬ್ಯಾರೆ ಬ್ಯಾರೆ ಬಾಗಲದ ನಂಬರ್ ಇದ್ದಂಗ) ಮ್ಯಾಲ ಕಿವಿ ಇಟ್ಕೊಂಡು ಕುಂತಿರತೈತಿ, ಕೇಳಿದ್ರ ಉತ್ತರ ಕೊಡತೈತಿ, ಮತ್ತ ಕಿವಿ ಇಡತೈತಿ. ಅಂಥ ಪ್ರೋಗ್ರಾಮ್ ಆಕಿ ಲ್ಯಾಪ್‌ಟಾಪಿನಾಗೂ ಓಡಬಹುದು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷಾ ಹಾಕಿದ್ರ ಅದರ ಜೊತಿಗೇ ಒಂದು ಸಣ್ಣ ವೆಬ್ ಸರ್ವರ್ ಬರತೈತಿ, ಒಂದ ಸಾಲಿನ ಕಮಾಂಡ್, 8000 ಪೋರ್ಟ್ ಮ್ಯಾಲ ಶುರು ಆಕೈತಿ. ಅದನ್ನ ಆಕಿ ಪೇಜ್ ಇದ್ದ ಫೋಲ್ಡರಿನಾಗ ಓಡಿಸಿದ್ವಿ, ಲ್ಯಾಪ್‌ಟಾಪಿನ ಐಪಿ ಅಡ್ರೆಸ್ ನೋಡಿದ್ವಿ (ನೆಟ್‌ವರ್ಕಿನಾಗ ಆ ಮಷಿನ್ನಿನ ವಿಳಾಸದ ನಂಬರ್, ಮನಿ ವೈಫೈ ಒಳಗ ಸಾಮಾನ್ಯ 192.168 ಅಂತ ಶುರು ಆಗೋದು), ಅಡಗಿಮನಿಯಾಗಿದ್ದ ಅಕ್ಕನ ಫೋನ್ ತಂದು ಅದರಾಗ ಆ ಅಡ್ರೆಸ್ಸು, ಪೋರ್ಟ್ ನಂಬರ್ ಹೊಡದ್ವಿ. ಪೇಜ್ ತೆರೀತು. ಹುಡುಗಿ ಮಾರಿ ನೋಡಬೇಕಿತ್ತು, ಅಷ್ಟು ಹಿಗ್ಗಿದ್ಲು.

ಅದಕ್ಕಿಂತ ನನಗ ಇಷ್ಟ ಆಗಿದ್ದು ಮುಂದಿಂದು. ಕಮಾಂಡ್ ಹೊಡದ ಕಪ್ಪು ಟರ್ಮಿನಲ್ ಕಿಡಕಿಯೊಳಗ ಎರಡು ಸಾಲು ಬಂದಿದ್ವು. ಒಂದು ಆಕಿ ಪೇಜ್ ಕೇಳಿದ್ದು, ಅದರ ಮುಂದ 200, ಅಂದ್ರ ಸಿಕ್ತು. ಇನ್ನೊಂದು ಫೆವಿಕಾನ್ ಅನ್ನೋ ಫೈಲ್ ಕೇಳಿದ್ದು, ಅದರ ಮುಂದ 404. "ಇದನ್ನ ನಾ ಕೇಳೇ ಇಲ್ಲಲ್ಲ?" ಅಂದ್ಲು. ಹೌದು, ಆಕಿ ಕೇಳಿಲ್ಲ, ಟ್ಯಾಬಿನ ಮ್ಯಾಲ ಇರೋ ಸಣ್ಣ ಚಿತ್ರಕ್ಕ ಅಂತ ಬ್ರೌಸರ್ ತಾನ ಕೇಳೈತಿ, ನಮ್ಮ ಕಡೆ ಆ ಫೈಲ್ ಇಲ್ಲ, ಇಲ್ಲ ಅಂತ ಸರ್ವರ್ ಹೇಳೈತಿ. ಒಂದು ಪೇಜ್ ನೋಡೋದಂದ್ರ ಒಂದ ಸಲ ಕೇಳೋದಲ್ಲ, ಚಿತ್ರಕ್ಕ ಒಂದು, ಸ್ಟೈಲ್ ಫೈಲಿಗೆ ಒಂದು, ಜಾವಾಸ್ಕ್ರಿಪ್ಟಿಗೆ ಒಂದು, ಹಿಂಗ ಹತ್ತಿಪ್ಪತ್ತು ಸಲ ಕೇಳೋದು. ನೀವು ಕಲಿಯೋರಿದ್ರ ಮೊದಲು ಈ ಕಿಡಕಿ ತೆರಕೊಂಡು ಕುಂದರ್ರಿ, ಯಾವ ಪುಸ್ತಕಕ್ಕಿಂತ ಇದು ಹೆಚ್ಚು ಕಲಸತೈತಿ, ನನಗಂತೂ ಕಲಸೈತಿ.

ಈ ಕೇಳೋದು, ಅಂದ್ರ ರಿಕ್ವೆಸ್ಟ್, ಹೆಂಗಿರತೈತಿ ಅಂದ್ರ ಬರೇ ಅಕ್ಷರ. ಮೊದಲ್ನೇ ಸಾಲಿನಾಗ ಮೂರು ಮಾತು: ಏನು ಮಾಡಬೇಕು (ಮೆಥಡ್ ಅಂತಾರ, ಗೆಟ್ ಅಂದ್ರ ಕೊಡು, ಪೋಸ್ಟ್ ಅಂದ್ರ ಇದನ್ನ ತಗೋ), ಯಾವುದರ ಮ್ಯಾಲ (ಪಾಥ್, ಅಡ್ರೆಸ್ಸಿನಾಗ ಸೈಟಿನ ಹೆಸರಿನ ಮುಂದ ಬರೋ ಭಾಗ), ಎಚ್‌ಟಿಟಿಪಿ (ಬ್ರೌಸರ್, ಸರ್ವರ್ ಮಾತಾಡೋ ಪದ್ಧತಿ) ಯಾವ ವರ್ಶನ್. ಅದರ ಕೆಳಗ ಹೆಡರ್‌ಗಳು, ಒಂದೊಂದು ಸಾಲಿಗೆ ಒಂದೊಂದು: ಯಾವ ಸೈಟ್ ಬೇಕು, ಕೇಳಾಕತ್ತಿದ್ದು ಯಾವ ಬ್ರೌಸರ್, ಯಾವ ಭಾಷಾ ನಡೀತೈತಿ. ಆಮ್ಯಾಲ ಒಂದು ಖಾಲಿ ಸಾಲು. ಖಾಲಿ ಸಾಲು ಬಂತಂದ್ರ ಹೆಡರ್ ಮುಗದ್ವು, ಇನ್ನ ಮುಂದಿಂದು ಬಾಡಿ, ಫಾರಂನಾಗ ತುಂಬಿದ್ದೆಲ್ಲಾ ಪೋಸ್ಟ್‌ನಾಗ ಅದರೊಳಗ ಬರತೈತಿ. ಸರ್ವರ್ ಕೊಡೋ ಉತ್ತರಾನೂ ಅದ ಆಕಾರದಾಗ ಇರತೈತಿ, ಮೊದಲ್ನೇ ಸಾಲಿನಾಗ 200, 404 ಅಂತ ಸ್ಟೇಟಸ್, ಹೆಡರ್, ಖಾಲಿ ಸಾಲು, ಆಮ್ಯಾಲ ಪೇಜ್. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಸರ್ನ್ ಅನ್ನೋ ಯುರೋಪಿನ ಭೌತಶಾಸ್ತ್ರ ಸಂಸ್ಥೆಯೊಳಗ ಇದನ್ನ ಶುರು ಮಾಡಿದಾಗ ಇದು ಇನ್ನೂ ಸಣ್ಣದಿತ್ತು, 1991ರ ಎಚ್‌ಟಿಟಿಪಿಯೊಳಗ ಗೆಟ್ ಒಂದ ಇತ್ತು, ಹೆಡರ್ ಇಲ್ಲ, ಸ್ಟೇಟಸ್ ನಂಬರೂ ಇಲ್ಲ, ಒಂದು ಸಾಲು ಕೇಳು, ಪೇಜ್ ತಗೋ, ಮುಗೀತು. 1.0 ಅನ್ನೋದು 1996ರಾಗ ಬರಹಕ್ಕ ಬಂತು, ಮರು ವರ್ಷ 1.1. ಈಗಿನ ಹೊಸ ವರ್ಶನ್‌ಗಳೊಳಗ ವೈರಿನ ಮ್ಯಾಲ ಹೋಗೋದು ಓದೋ ಅಕ್ಷರ ಅಲ್ಲ, ಬೈನರಿ, ಆದ್ರ ಮಾತಿನ ಅರ್ಥ ಹಳೇದ. ಅದಕ್ಕ ಕಲಿಯೋರು 1.1 ಕಲೀರಿ ಸಾಕು.

ಇಲ್ಲಿತನಕ ಫೋಲ್ಡರಿನಾಗ ಇದ್ದ ಫೈಲ್ ಇದ್ದಂಗ ಎತ್ತಿ ಕೊಟ್ಟಿದ್ದು. ಇದಕ್ಕ ಪ್ರೋಗ್ರಾಮಿಂಗ್ ಅನ್ನಂಗಿಲ್ಲ. ಕೇಳಿದ ಹೊತ್ತಿಗೆ ಉತ್ತರ ತಯಾರು ಮಾಡಬೇಕು, ಇವತ್ತಿನ ರೇಟ್ ಕೇಳಿದ್ರ ಇವತ್ತಿಂದು, ಈ ರೈತನ ಲೆಕ್ಕ ಕೇಳಿದ್ರ ಈ ರೈತಂದು. ಅದಕ್ಕ ಎನ್‌ಸಿಎಸ್‌ಎ ಅನ್ನೋ ಅಮೆರಿಕಾದ ಕಂಪ್ಯೂಟರ್ ಸಂಶೋಧನಾ ಕೇಂದ್ರದ ಮಂದಿ 1993ರಾಗ ಸಿಜಿಐ ಅನ್ನೋ ಒಂದು ಪದ್ಧತಿ ಹಾಕಿದ್ರು: ಪಾಥ್ ನೋಡಿ ಸರ್ವರ್ ಒಂದು ಪ್ರೋಗ್ರಾಮ್ ಎಬ್ಬಸತೈತಿ, ರಿಕ್ವೆಸ್ಟಿನ ವಿವರ ಅದರ ಕೈಗೆ ಕೊಡತೈತಿ, ಪ್ರೋಗ್ರಾಮ್ ಪ್ರಿಂಟ್ ಮಾಡಿದ್ದನ್ನ ಬ್ರೌಸರಿಗೆ ಕಳಸತೈತಿ, ಪ್ರೋಗ್ರಾಮ್ ಸಾಯತೈತಿ. ಪ್ರತಿ ರಿಕ್ವೆಸ್ಟಿಗೂ ಹೊಸದಾಗಿ ಹುಟ್ಟಿ ಸಾಯೋದು. ನೂರು ಮಂದಿ ಬಂದ್ರ ನೂರು ಸಲ ಎಬ್ಬಸಬೇಕು, ಅದಕ್ಕ ಭಾರ ಬಿದ್ದಾಗ ಅದು ತಡೀಲಿಲ್ಲ, ಮುಂದ ಬಂದ ವ್ಯವಸ್ಥೆಗಳೊಳಗ ಪ್ರೋಗ್ರಾಮ್ ಎದ್ದ ಕುಂತಿರತೈತಿ, ರಿಕ್ವೆಸ್ಟ್ ಬಂದಂಗ ಒಂದೊಂದ ಕೈಗೆ ತಗೊಳತೈತಿ. ರಾಸ್ಮಸ್ ಲೆರ್ಡಾರ್ಫ್ 1995ರಾಗ ಹೊರಗ ಬಿಟ್ಟ ಪಿಎಚ್‌ಪಿ, 2005ರ ಜಾಂಗೋ, 2009ರ ನೋಡ್, 2010ರ ಫ್ಲಾಸ್ಕ್, ಎಲ್ಲಾ ಸರ್ವರ್ ಕಡೆ ಪ್ರೋಗ್ರಾಮ್ ಬರಿಯೋ ಸಾಧನಗಳ, ಹೆಸರು ಬ್ಯಾರೆ ಬ್ಯಾರೆ, ಒಂದು ಕಲತ್ರ ಇನ್ನೊಂದು ತಿಂಗಳೊಪ್ಪತ್ತಿನಾಗ ಬರತೈತಿ. ಯಾವುದು ಕಲೀಬೇಕು ಅಂತ ಆರು ತಿಂಗಳ ಕಳೀಬ್ಯಾಡ್ರಿ.

ನಮ್ಮ ಹುಡುಗಿಗೆ ಪೈಥಾನ್ ಬರತಿತ್ತು, ಹಂಗಾಗಿ ಪೈಥಾನ್‌ನಾಗ ಬರಿಯೋ ಫ್ಲಾಸ್ಕ್ ಹಿಡದ್ವಿ. ಮಿಲ್ಲಿನಾಗ ಓಡೋದು ನಾ ಬರದ ಪಿಎಚ್‌ಪಿ. ಒಂದ ಕೆಲಸ ಎರಡೂ ಕಡೆ ಹೆಂಗ ಆಕೈತಿ ನೋಡ್ರಿ. ಲೋಡ್ ತುಂಬಿದ ಲಾರಿ ವೇಬ್ರಿಡ್ಜ್ ಮ್ಯಾಲ ನಿಂತೈತಿ, ಗುಮಾಸ್ತ ಫೋನಿನಾಗ ಫಾರಂ ತುಂಬ್ಯಾನ, ತುಂಬಿದ ತೂಕ 16,240 ಕೆಜಿ, ಭತ್ತ ಇಳಿಸಿ ಬಂದ ಮ್ಯಾಲ ಖಾಲಿ ತೂಕ 6,190, ಸೇವ್ ಒತ್ಯಾನ. ಬ್ರೌಸರ್ ಸೈಟಿನ ಹೆಸರು ತಗೊಂಡು ಡಿಎನ್‌ಎಸ್ (ಹೆಸರಿಗೆ ಅಡ್ರೆಸ್ ಹೇಳೋ ಇಂಟರ್ನೆಟ್ಟಿನ ಡೈರೆಕ್ಟರಿ) ಹತ್ರ ಐಪಿ ಅಡ್ರೆಸ್ ಕೇಳತೈತಿ, ಆ ಅಡ್ರೆಸ್ಸಿನ 443ನೇ ಪೋರ್ಟಿಗೆ ಸಂಪರ್ಕ ಮಾಡತೈತಿ, ನಡುವ ಯಾರೂ ಓದಬಾರ್ದು ಅಂತ ಇಬ್ಬರೂ ಒಂದು ಗುಪ್ತ ಕೀಲಿ ಒಪ್ಪಕೊಂತಾರ, ಆಮ್ಯಾಲ ಪೋಸ್ಟ್ ರಿಕ್ವೆಸ್ಟ್ ಹೋಕೈತಿ. ಬಾಗಲದಾಗ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಪ್ರೋಗ್ರಾಮ್ ನಿಂತಿರತೈತಿ, ಚಿತ್ರ, ಸ್ಟೈಲ್ ಫೈಲ್ ಕೇಳಿದ್ರ ತಾನ ಕೊಟ್ಟು ಕಳಸತೈತಿ, ತೂಕದ ಮಾತಂದ್ರ ಒಳಗ ನಮ್ಮ ಪ್ರೋಗ್ರಾಮಿಗೆ ದಾಟಸತೈತಿ. ಒಳಗ ರೌಟಿಂಗ್ ಅಂತ ಒಂದು ಪಟ್ಟಿ, ಈ ಪಾಥಿಗೆ ಈ ಮೆಥಡ್ ಬಂದ್ರ ಈ ಫಂಕ್ಷನ್ (ಒಂದು ಕೆಲಸ ಮಾಡೋ ಕೋಡಿನ ತುಂಡು). ಫಂಕ್ಷನ್ ಬಾಡಿ ಬಿಚ್ಚಿ ನೋಡತೈತಿ, ಲೆಕ್ಕ ಮಾಡತೈತಿ, ಡೇಟಾಬೇಸಿನಾಗ, ಅಂದ್ರ ಲೆಕ್ಕ ಉಳಿಯೋ ಪುಸ್ತಕದಾಗ, ಬರೀತೈತಿ, ಉತ್ತರ ಕಟ್ಟಿ ಕೊಡತೈತಿ. ಬಂದ ದಾರಿಯಾಗ ಉತ್ತರ ವಾಪಸ್.

ನಡುವ "ಬಿಚ್ಚಿ ನೋಡತೈತಿ" ಅಂದ್ನೆಲ್ಲ, ಅಲ್ಲಿ ಒಂದು ಮಾತು. ಫಾರಂನಾಗ ಬಂದದ್ದೆಲ್ಲಾ ಬರೇ ಅಕ್ಷರ, 16240 ಅನ್ನೋದೂ ಐದು ಅಕ್ಷರ, ಸಂಖ್ಯೆ ಅಲ್ಲ, ಸಂಖ್ಯೆ ಮಾಡೋದು ನಮ್ಮ ಕೆಲಸ. ನಮ್ಮ ಹುಡುಗಿ ಬ್ರೌಸರಿನಾಗ ಎಲ್ಲಾ ಚೆಕ್ ಹಾಕಿದ್ಲು, ಹೆಸರು ಖಾಲಿ ಬಿಟ್ರ ಕೆಂಪು ಆಗೋದು, ತೂಕದಾಗ ಅಕ್ಷರ ಹೊಡದ್ರ ತಗೊಳ್ಳದು. ಅದು ಗುಮಾಸ್ತನ ಅನುಕೂಲಕ್ಕ, ಚೊಲೋದ. ಆದ್ರ ಸರ್ವರಿಗೆ ರಿಕ್ವೆಸ್ಟ್ ಕಳಸಾಕ ಆಕಿ ಪೇಜ್ ಬೇಕಂತ ಇಲ್ಲ, ಕರ್ಲ್ ಅನ್ನೋ ಸಣ್ಣ ಸಾಧನದಿಂದ ಯಾರು ಬೇಕಾದ್ರೂ ಏನು ಬೇಕಾದ್ರೂ ಬರದು ಕಳಸಬಹುದು. ನಾ ಆಕಿ ಮುಂದ ಕುಂತು ಖಾಲಿ ತೂಕ ತುಂಬಿದ ತೂಕಕ್ಕಿಂತ ಹೆಚ್ಚು ಹಾಕಿ ಕಳಸಿದೆ, ಆಕಿ ಟೇಬಲ್‌ನಾಗ ಮೈನಸ್ ಚೀಲ ಬಂದು ಕುಂತ್ವು. ಅವತ್ತಿನಿಂದ ಆಕಿ ಎಲ್ಲಾ ಚೆಕ್ ಸರ್ವರಿನಾಗೂ ಬರಿಯಾಕ ಶುರು ಮಾಡಿದ್ಲು, ಮತ್ತ ನಿವ್ವಳ ತೂಕ ಬ್ರೌಸರಿನಿಂದ ತಗೊಳ್ಳೋದು ಬಿಟ್ಟು ಸರ್ವರಿನಾಗ ತಾನ ಕಳೀಲಿ ಅಂತ ಮಾಡಿದ್ಲು. ಹಂಗ ಡೇಟಾಬೇಸಿಗೆ ಹೋಗೋ ಮಾತಿನಾಗ ಬಂದ ಅಕ್ಷರ ಸೀದಾ ಜೋಡಿಸಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡೋ ಭಾಷಾ) ಸಾಲು ಕಟ್ಟಬ್ಯಾಡ್ರಿ, ಜಾಗ ಬಿಟ್ಟು ಮೌಲ್ಯ ಬ್ಯಾರೆ ಕೊಡ್ರಿ, ಇಲ್ಲಾಂದ್ರ ಹೆಸರಿನ ಖಾನಿಯಾಗ ಯಾರರ ಟೇಬಲ್ ಅಳಸೋ ಆಜ್ಞೆ ಬರದು ಕಳಸಿದ್ರ ಡೇಟಾಬೇಸ್ ಅದನ್ನೂ ಪಾಲಸಬಹುದು.

ಈಗ ನಾ ಹೇಳಬೇಕಂತ ಇದ್ದ ಮಾತಿಗೆ ಬರ್ತೀನಿ. ಸರ್ವರಿಗೆ ನೆನಪಿಲ್ಲ. ಎಚ್‌ಟಿಟಿಪಿಯೊಳಗ ಪ್ರತಿ ರಿಕ್ವೆಸ್ಟೂ ಹೊಸ ಮನಷ್ಯಾ ಬಂದಂಗ. ಒಂದು ಸೆಕೆಂಡ್ ಹಿಂದ ಗುಮಾಸ್ತ ಪಾಸ್‌ವರ್ಡ್ ಹಾಕಿ ಒಳಗ ಬಂದಿದ್ದು ಮುಂದಿನ ರಿಕ್ವೆಸ್ಟಿಗೆ ಗೊತ್ತಿರಂಗಿಲ್ಲ. ಸುಗ್ಗಿಯಾಗ ಮಿಲ್ಲಿನ ಗೇಟಿನಾಗ ನಿಂತ ವಾಚ್‌ಮನ್‌ಗೆ ನೂರಾರು ಡ್ರೈವರು, ಯಾರ ಮಾರೀನೂ ನೆನಪಿರಂಗಿಲ್ಲ, ಅದಕ್ಕ ಒಳಗ ಬರೋ ಮುಂದ ಒಂದು ಟೋಕನ್ ಕೈಗೆ ಕೊಡ್ತಾನ, ಡ್ರೈವರ್ ಎಲ್ಲಿ ಹೋದ್ರೂ ಅದನ್ನ ತೋರಸತಾನ, ಟೋಕನ್ ನಂಬರ್ ನೋಡಿ ಒಳಗಿನ ಪುಸ್ತಕ ತಗದ್ರ ಅವನ ಲೋಡಿನ ವಿವರ ಅಲ್ಲಿ ಇರತೈತಿ. ಕುಕಿ ಅನ್ನೋದು ಈ ಟೋಕನ್. 1994ರಾಗ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯ ಲೂ ಮಾಂಟುಲ್ಲಿ ಇದನ್ನ ವೆಬ್‌ಗೆ ತಂದ. ಸರ್ವರ್ ತನ್ನ ಉತ್ತರದ ಹೆಡರಿನಾಗ ಒಂದು ಕುಕಿ ಕೊಡತೈತಿ, ಅಲ್ಲಿಂದ ಮುಂದ ಆ ಸೈಟಿಗೆ ಹೋಗೋ ಪ್ರತಿ ರಿಕ್ವೆಸ್ಟಿನಾಗ ಬ್ರೌಸರ್ ಅದನ್ನ ಹಚ್ಚಿ ಕಳಸತೈತಿ. ಒಳಗಿನ ಪುಸ್ತಕಕ್ಕ ಸೆಶನ್ ಅಂತಾರ. ಒಂದ ಫರಕ್ ಐತಿ, ಮಿಲ್ಲಿನ ಟೋಕನ್ 1, 2, 3 ಅಂತ ಇದ್ರ ನಡೀತೈತಿ, ಇಲ್ಲಿ ಹಂಗ ಇಟ್ರ ನನ್ನ ನಂಬರ್ 57 ಅಂದ್ರ ನಾ 58 ಅಂತ ಬರದು ಕಳಿಸಿ ಇನ್ನೊಬ್ಬರ ಲೆಕ್ಕ ತೆರದುಬಿಡಬಹುದು, ಅದಕ್ಕ ಊಹೆಗೆ ಸಿಗದಂಥ ಉದ್ದ ನಂಬರ್ ಬೇಕು.

ಲಾಗಿನ್ ಮಟ್ಟಿಗೆ ಇದು ಸರಿ ಹೋತು. ಆದ್ರ ನೆನಪಿಲ್ಲದ್ದರ ಇನ್ನೊಂದು ಮಗ್ಗಲು ನನಗ ತಿಳದದ್ದು ಒಂದು ಸುಗ್ಗಿ ಕಳದ ಮ್ಯಾಲ. ಮ್ಯಾಲ ಹೇಳಿದ ಲಾರಿ ಐತೆಲ್ಲ, ನಿವ್ವಳ 10,050 ಕೆಜಿ, ನಮ್ಮ ಕಡೆ ಭತ್ತದ ಚೀಲ 75 ಕೆಜಿ ಲೆಕ್ಕ, 134 ಚೀಲ ಆತು. ಗುಮಾಸ್ತ ಸೇವ್ ಒತ್ತಿದ. ನೆಟ್‌ವರ್ಕ್ ಬಂದ್ ಹೋಗಿ ಬಂದ್ ಹೋಗಿ ಮಾಡಾಕತ್ತಿತ್ತು, ಚಕ್ರ ತಿರುಗಾಕತ್ತಿತ್ತು, ಹಿಂದ ಟ್ರ್ಯಾಕ್ಟರ್ ಸಾಲು ನಿಂತೈತಿ, ಎಲ್ಲಾರೂ ಹಾರ್ನ್ ಹೊಡಿಯಾಕತ್ಯಾರ, ಇನ್ನೊಂದು ಸಲ ಒತ್ತಿದ, ಸೇವ್ ಆತು ಅಂತ ಬಂತು, ಮುಂದಿನ ಗಾಡಿ ಕರದ. ಸಂಜಿಗೆ ಹಮಾಲರ ಲೆಕ್ಕ ಕಾಕಾನ ಕೈಗೆ ಬಂತು, ಅವರು ಇಳಿಸಿದ ಚೀಲಕ್ಕ ಕೂಲಿ ತಗೊಳ್ಳೋರು, ಅವರ ಎಣಿಕಿ ತಪ್ಪಂಗಿಲ್ಲ, 134 ಅಂತ ಇತ್ತು. ಆ್ಯಪಿನಾಗ ಅದ ರೈತನ ಹೆಸರಿಗೆ 268. ರೈತ ಒಳ್ಳೇ ಮನಷ್ಯಾ, "ನಂದು ಒಂದ ಲೋಡ್ ರೀ" ಅಂತ ತಾನ ಹೇಳಿದ. ಕಾಕಾ ನನಗ ಬೈಲಿಲ್ಲ, ಎರಡೂ ಚೀಟಿ ನನ್ನ ಮುಂದ ಇಟ್ಟು "ಹಮಾಲರ ಪುಸ್ತಕ ಇರಲಿಲ್ಲಂದ್ರ?" ಅಂತ ಕೇಳಿದ, ಅಷ್ಟ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ.

ಆಗಿದ್ದೇನಂದ್ರ, ಮೊದಲ್ನೇ ರಿಕ್ವೆಸ್ಟ್ ಸರ್ವರಿಗೆ ಮುಟ್ಟಿತ್ತು, ಡೇಟಾಬೇಸಿನಾಗ ಬರದೂ ಆಗಿತ್ತು, ಆದ್ರ "ಆತು" ಅನ್ನೋ ಉತ್ತರ ವಾಪಸ್ ಬರೋ ದಾರಿಯಾಗ ಕಳಕೊಂಡಿತ್ತು. ಇದನ್ನ ಸ್ವಲ್ಪ ಕುಂತು ಯೋಚನೆ ಮಾಡ್ರಿ. ಸೇವ್ ಒತ್ತಿ ಉತ್ತರ ಬರಲಿಲ್ಲಂದ್ರ ಮೂರು ಥರ ಆಗಿರಬಹುದು, ರಿಕ್ವೆಸ್ಟ್ ಹೋಗೋ ದಾರಿಯಾಗ ಕಳದಿರಬಹುದು, ಸರ್ವರ್ ಅರ್ಧ ಕೆಲಸ ಮಾಡಿ ಬಿದ್ದಿರಬಹುದು, ಪೂರಾ ಕೆಲಸ ಆಗಿ ಉತ್ತರ ಕಳದಿರಬಹುದು. ಮೂರಕ್ಕೂ ಗುಮಾಸ್ತನ ಫೋನಿನಾಗ ಕಾಣೋದು ಒಂದ ತಿರುಗೋ ಚಕ್ರ. ಅವನು ಮತ್ತ ಒತ್ತಬೇಕೋ ಬ್ಯಾಡೋ ಅನ್ನೋದನ್ನ ಅವನು ಎಷ್ಟು ಶಾಣ್ಯಾ ಇದ್ರೂ ತಿಳಕೊಳ್ಳಾಕ ಆಗಂಗಿಲ್ಲ, ಅದಕ್ಕ ಇದು ಅವನ ತಪ್ಪಲ್ಲ, ಬರದ ನಂದು. ಎರಡನೇ ಸಲ ಒತ್ತೋದು ತಪ್ಪು ಅಂತ ಮಂದಿಗೆ ಬೋರ್ಡ್ ಹಾಕೋದಲ್ಲ, ಎರಡು ಸಲ ಒತ್ತಿದ್ರೂ ಏನೂ ಆಗದಂಗ ಬರಿಯೋದು ನಮ್ಮ ಕೆಲಸ.

ಮೊದಲು ನಾ ಮಾಡಿದ್ದು ಬಟನ್ ಒಂದ ಸಲ ಒತ್ತೋ ಹಂಗ ಮಾಡಿದ್ದು, ಒತ್ತಿದ ಕೂಡ್ಲೇ ಬೂದು ಬಣ್ಣ ಆಕೈತಿ, ಮತ್ತ ಒತ್ತಾಕ ಬರಂಗಿಲ್ಲ. ಸಾಲ್ಲಿಲ್ಲ. ಉತ್ತರ ಬರದಿದ್ದಾಗ ಗುಮಾಸ್ತ ಪೇಜ್ ರಿಫ್ರೆಶ್ ಮಾಡತಿದ್ದ, ಬ್ರೌಸರ್ "ಮತ್ತ ಕಳಸಲೇನು" ಅಂತ ಕೇಳತಿತ್ತು, ಹೂಂ ಅಂತಿದ್ದ. ಖರೇ ಉಪಾಯ ಬ್ಯಾರೆ ಐತಿ. ಖಾಲಿ ಫಾರಂ ಕೊಡೋ ಹೊತ್ತಿಗೇ ಸರ್ವರ್ ಅದಕ್ಕೊಂದು ಹೊಸ ನಂಬರ್ ಹಾಕಿ ಕೊಡಬೇಕು, ತೂಕದ ಚೀಟಿ ಪುಸ್ತಕದಾಗ ಪ್ರೆಸ್ಸಿನಾಗ ಛಾಪ್ ಆಗಿ ಬಂದ ಸೀರಿಯಲ್ ನಂಬರ್ ಇರತೈತೆಲ್ಲ ಹಂಗ. ಫಾರಂ ಎಷ್ಟು ಸಲ ಬಂದ್ರೂ ಅದ ನಂಬರ್ ಹೊತ್ತು ಬರತೈತಿ. ಡೇಟಾಬೇಸಿನಾಗ ಆ ಖಾನಿಗೆ ಯೂನಿಕ್ ಅಂತ ಹಾಕಬೇಕು, ಎರಡನೇ ಸಲ ಬಂದ್ರ ಡೇಟಾಬೇಸ್ ಒಪ್ಪಂಗಿಲ್ಲ, ಆಗ ನಮ್ಮ ಫಂಕ್ಷನ್ ಎರರ್ ತೋರಸದ ಹಳೇ ಎಂಟ್ರಿನ ತಗದು "ಇದು ಆಗೈತಿ" ಅಂತ ಅದ ಉತ್ತರ ಕೊಡಬೇಕು. ಮೊದಲು ಟೇಬಲ್‌ನಾಗ ಹುಡುಕಿ, ಇಲ್ಲಾಂದ್ರ ಬರಿಯೋದು ಅಂತ ನಾ ಒಂದು ಸಲ ಮಾಡಿದ್ದೆ, ಅದೂ ಸರಿ ಅಲ್ಲ, ಎರಡು ರಿಕ್ವೆಸ್ಟ್ ಒಮ್ಮಿಗೇ ಬಂದ್ರ ಇಬ್ಬರೂ ಹುಡುಕಿ ಇಬ್ಬರೂ ಇಲ್ಲ ಅಂತ ನೋಡಿ ಇಬ್ಬರೂ ಬರೀತಾರ. ಬಾಗಲ ಹಾಕೋದು ಡೇಟಾಬೇಸಿಗೇ ಬಿಡ್ರಿ.

ಎರಡನೇದು, ಪೋಸ್ಟ್ ಆದ ಮ್ಯಾಲ ಪೇಜ್ ಸೀದಾ ಕೊಡಬ್ಯಾಡ್ರಿ, 303 ಅಂತ ಉತ್ತರ ಕೊಡ್ರಿ, ಅಂದ್ರ "ಕೆಲಸ ಆತು, ಚೀಟಿ ಈ ಅಡ್ರೆಸ್ಸಿನಾಗ ಐತಿ, ಹೋಗಿ ನೋಡು" ಅಂತ. ಬ್ರೌಸರ್ ತಾನ ಆ ಅಡ್ರೆಸ್ಸಿಗೆ ಗೆಟ್ ಕಳಸತೈತಿ, ಅಲ್ಲಿಂದ ಮುಂದ ಗುಮಾಸ್ತ ಹತ್ತು ಸಲ ರಿಫ್ರೆಶ್ ಮಾಡಿದ್ರೂ ಆಗೋದು ನೋಡೋದಷ್ಟ, ಬರಿಯೋದಲ್ಲ. ಇದು ಕೆಲಸ ಮಾಡಬೇಕಂದ್ರ ಗೆಟ್ ಅನ್ನೋದು ಬರೇ ನೋಡೋದಕ್ಕ ಇರಬೇಕು. ನಮ್ಮ ಹುಡುಗಿ ಪ್ರತಿ ಸಾಲಿನ ಮುಂದ ಅಳಸೋ ಲಿಂಕ್ ಹಾಕಿದ್ಲು, ಒತ್ತಿದ್ರ ಗೆಟ್ ಹೋಗಿ ಸಾಲು ಅಳದುಹೋಕೈತಿ. ತಗದು ಪೋಸ್ಟ್ ಮಾಡು ಅಂದೆ. ಯಾಕಂದ್ರ ಸರ್ಚ್ ಎಂಜಿನ್ನಿನ ರೋಬೋಟ್ ಲಿಂಕ್ ಕಂಡ್ರ ಸಾಕು ಹೋಗಿ ಗೆಟ್ ಮಾಡತೈತಿ, ಕೆಲವು ಬ್ರೌಸರು ನೀವು ಒತ್ತೋಕ್ಕಿಂತ ಮೊದಲ ಪೇಜ್ ತರಿಸಿ ಇಡ್ತಾವು, ಯಾರೂ ಮುಟ್ಟದನ, ಸಾಲು ಸಾಲಾಗಿ ರೈತರ ಲೆಕ್ಕ ಅಳದುಹೋಗಬಹುದು.

ಅರ್ಧ ಕೆಲಸದ ಮಾತು ಉಳೀತು. ಒಂದು ಲೋಡ್ ಬಂತಂದ್ರ ಎರಡು ಕಡೆ ಬರೀಬೇಕು, ರೈತನ ಖಾತೆಗೆ 134 ಜಮಾ, ಗೋದಾಮಿನ ಸ್ಟಾಕಿಗೆ 134 ಕೂಡಬೇಕು. ಮೊದಲ್ನೇದು ಬರದ ಮ್ಯಾಲ ಕರೆಂಟ್ ಹೋದ್ರ? ಅದಕ್ಕ ಡೇಟಾಬೇಸಿನಾಗ ಟ್ರಾನ್ಸಾಕ್ಷನ್ ಐತಿ, ಎರಡೂ ಸೇರಿಸಿ ಒಂದ ಗಂಟು, ಬರದ್ರ ಎರಡೂ, ಇಲ್ಲಾಂದ್ರ ಎರಡೂ ಇಲ್ಲ.

ಕನ್ನಡದ ಬಗ್ಗೆ ಹೇಳದ ಹೋದ್ರ ಈ ಬರಹ ನನ್ನ ಪಾಲಿಗೆ ಅಪೂರ್ಣ. 2016ರಾಗ ಮೊದಲ್ನೇ ವಾರ ಎಲ್ಲಾ ಹೆಸರು ಇಂಗ್ಲಿಷಿನಾಗ ತುಂಬಿದ್ವಿ, ಆಮ್ಯಾಲ ರೈತರಿಗೆ ಚೀಟಿ ಕನ್ನಡದಾಗ ಬರಲಿ ಅಂತ ಕಾಕಾ ಹೇಳಿದ, ಗುಮಾಸ್ತ ಕನ್ನಡದಾಗ ತುಂಬಾಕ ಶುರು ಮಾಡಿದ, ಮೂರು ದಿನ ಆದ ಮ್ಯಾಲ ನೋಡ್ತೀನಿ, ಡೇಟಾಬೇಸಿನಾಗ ಪ್ರತಿ ಹೆಸರಿನ ಜಾಗದಾಗ ಬರೇ ಪ್ರಶ್ನೆ ಚಿಹ್ನೆ ಸಾಲಾಗಿ ನಿಂತಾವು. ಆಗಿನ ಮೈಎಸ್‌ಕ್ಯೂಎಲ್ ಅನ್ನೋ ನಮ್ಮ ಡೇಟಾಬೇಸ್ ಪ್ರೋಗ್ರಾಮಿನಾಗ ನಾವು ಏನೂ ಹೇಳಲಿಲ್ಲಂದ್ರ ಟೇಬಲ್ ಲ್ಯಾಟಿನ್ ಅಕ್ಷರದ ಸೆಟ್‌ನಾಗ ತಯಾರು ಆಗತಿತ್ತು, 8.0 ಬಂದ ಮ್ಯಾಲ ಅದು ಬದಲಾತು. ಆ ಸೆಟ್‌ನಾಗ ಕನ್ನಡದ ಒಂದು ಅಕ್ಷರಾನೂ ಇಲ್ಲ, ಇಲ್ಲದ ಅಕ್ಷರದ ಜಾಗದಾಗ ಪ್ರಶ್ನೆ ಚಿಹ್ನೆ ಬರದು ಮೂಲ ಬಿಟ್ಟುಬಿಡತೈತಿ, ಮತ್ತ ತಗಿಯಾಕ ಯಾವ ದಾರೀನೂ ಇಲ್ಲ. ಕಾಗದದ ಚೀಟಿ ಹುಡುಕಿ ಹುಡುಕಿ ನಾನೂ ಗುಮಾಸ್ತನೂ ಮತ್ತ ತುಂಬಿದ್ವಿ.

ಗಂಗಾವತಿ ಅನ್ನೋದನ್ನ ತಗೋರಿ. ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಾಗ (ಎಲ್ಲಾ ಭಾಷಾದ ಅಕ್ಷರಕ್ಕ ನಂಬರ್ ಕೊಡೋ ಪಟ್ಟಿ) ಗ, ಸೊನ್ನಿ, ಗ, ದೀರ್ಘ, ವ, ತ, ಗುಡಿಸು, ಒಟ್ಟು ಏಳು. ಆ ನಂಬರನ್ನ ಕಂಪ್ಯೂಟರಿನಾಗ ಬರದಿಡೋ ಯುಟಿಎಫ್-8 ಅನ್ನೋ ಪದ್ಧತಿಯೊಳಗ ಕನ್ನಡದ ಒಂದೊಂದಕ್ಕ ಮೂರು ಬೈಟ್, ಹಂಗಾಗಿ 21 ಬೈಟ್. ಅದ ಹೆಸರು ಅಡ್ರೆಸ್ ಬಾರಿನ ಪಾಥಿನಾಗ ಹೋದ್ರ ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಅಂಕಿ-ಅಕ್ಷರ, ಒಟ್ಟು 63. ಬೈಟ್ ಲೆಕ್ಕದ ಮ್ಯಾಲ ಹೆಸರಿಗೆ 20ರ ಮಿತಿ ಹಾಕಿದ ಪ್ರೋಗ್ರಾಮಿನಾಗ ಗಂಗಾವತಿ ಹಿಡಿಯಂಗೇ ಇಲ್ಲ. ನಮ್ಮ ಭಾಷಾದಾಗ ಆ್ಯಪ್ ಬರಿಯೋರು ಮೂರು ಕಡೆ ಯುಟಿಎಫ್-8 ಅಂತ ಕಂಡಾಪಟ್ಟಿ ಹಟ ಹಿಡೀಬೇಕು, ಉತ್ತರದ ಹೆಡರಿನಾಗ, ಡೇಟಾಬೇಸಿನ ಟೇಬಲ್‌ನಾಗ, ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವಿನ ಸಂಪರ್ಕದಾಗ. ಮೂರನೇದನ್ನ ಭಾಳ ಮಂದಿ ಮರೀತಾರ. ರೈತನ ಹೆಸರು ಅವನ ಚೀಟಿ ಮ್ಯಾಲ ಅವನು ಓದೋ ಹಂಗ ಬರಬೇಕು, ಇದರಾಗ ನಾ ರಾಜಿ ಆಗಂಗಿಲ್ಲ.

ಸುಗ್ಗಿ ಭಾರದ ಮಾತು ಲಗು ಮುಗಸ್ತೀನಿ. ಸರ್ವರಿನಾಗ ರಿಕ್ವೆಸ್ಟ್ ಹಿಡಿಯೋ ಕೆಲಸಗಾರರು ಇಷ್ಟ ಅಂತ ಇರತಾರ, ವರ್ಕರ್ ಅಂತಾರ, ನಮ್ಮ ಪಿಎಚ್‌ಪಿಯೊಳಗ ಬಂದ ಸೆಟ್ಟಿಂಗಿನಾಗ 5 ಇತ್ತು. ತೂಕ ಬರಿಯೋದು ಕಣ್ಣ ಮಿಟಕಸೋದರಾಗ ಮುಗೀತೈತಿ, ಐದು ಮಂದಿ ಸಾಕು. ಆದ್ರ ಪೂರಾ ಹಂಗಾಮಿನ ರಿಪೋರ್ಟ್ ಅಂತ ಒಂದು ಪೇಜ್ ಇತ್ತು, ಅದಕ್ಕ ಒಂದು ನಿಮಿಷಕ್ಕಿಂತ ಹೆಚ್ಚು ಹತ್ತತಿತ್ತು. ಒಂದಿನ ಮಿಲ್ಲಿನ ಆಫೀಸಿನಾಗ ಅದನ್ನ ಐದು ಸಲ ಒತ್ತಿದ್ರು, ಐದೂ ವರ್ಕರ್ ಅಲ್ಲೇ ಸಿಕ್ಕೊಂಡ್ರು, ವೇಬ್ರಿಡ್ಜ್ ಕಡೆ 504 ಬರಾಕತ್ತು. 504 ಅಂದ್ರ ಬಾಗಲದಾಗ ನಿಂತ ಎಂಜಿನ್‌ಎಕ್ಸ್ ಒಳಗಿನವರ ಉತ್ತರಕ್ಕ ಕಾದು (ಸಾಮಾನ್ಯ 60 ಸೆಕೆಂಡ್) ಕೈ ಬಿಟ್ಟಿದ್ದು. 4ರಿಂದ ಶುರು ಆದ್ರ ಕೇಳಿದವರ ಕಡೆ ಏನೋ ತಪ್ಪೈತಿ, 5ರಿಂದ ಆದ್ರ ನಮ್ಮ ಕಡೆ, ಇದನ್ನ ನೆನಪಿಟ್ರ ಅರ್ಧ ಹುಡುಕಾಟ ಉಳೀತೈತಿ. ವರ್ಕರ್ ಹೆಚ್ಚು ಮಾಡಬಹುದಿತ್ತು, ನಾ ಮಾಡಲಿಲ್ಲ, ರಿಪೋರ್ಟನ್ನ ರಾತ್ರಿ ತಾನ ತಯಾರಾಗಿ ಫೈಲ್ ಆಗಿ ಕುಂದ್ರೋ ಹಂಗ ಮಾಡಿದೆ, ಮುಂಜಾನೆ ಕೇಳಿದ್ರ ಇದ್ದ ಫೈಲ್ ಎತ್ತಿ ಕೊಡೋದು. ಲಾರಿ ನಿಲ್ಲಿಸಿ ಅದ ಜಾಗದಾಗ ಲೆಕ್ಕ ಕೂಡಸಬಾರದು.

ಸೂಟಿ ಮುಗಿಯೋ ಹಿಂದಿನ ದಿನ ಹುಡುಗಿ ಆ್ಯಪ್ ಒಂದು ಹಂತಕ್ಕ ಬಂತು. ಪರೀಕ್ಷೆ ಮಾಡೂಣು ಅಂದೆ. ಆಕಿ ಫಂಕ್ಷನ್ನಿನಾಗ ಬರದಾದ ಮ್ಯಾಲ, ಉತ್ತರ ಕೊಡೋಕ್ಕಿಂತ ಮೊದಲು, ಹತ್ತು ಸೆಕೆಂಡ್ ನಿದ್ದಿ ಮಾಡೋ ಸಾಲು ಹಾಕಿದ್ವಿ. ಅಕ್ಕನ ಫೋನಿನಾಗ ಫಾರಂ ತುಂಬಿ ಸೇವ್ ಒತ್ತಿದ್ಲು, ಚಕ್ರ ತಿರುಗೋ ಮುಂದ ವೈಫೈ ಆಫ್ ಮಾಡಿದ್ಲು. ಎರರ್ ಬಂತು. ಆನ್ ಮಾಡಿ ಅದ ಫಾರಂ ಮತ್ತ ಕಳಸಿದ್ಲು, ಮತ್ತ ಆಫ್ ಮಾಡಿದ್ಲು, ಹಿಂಗ ನಾಲ್ಕು ಸಲ. ಐದನೇ ಸಲ ವೈಫೈ ಮುಟ್ಟದ ಹತ್ತು ಸೆಕೆಂಡ್ ಕಾದ್ಲು, ಚೀಟಿ ಬಂತು. ಟರ್ಮಿನಲ್ ಕಿಡಕಿಯೊಳಗ ಪೋಸ್ಟ್‌ಗಳು ಸಾಲಾಗಿ ನಿಂತಿದ್ವು. ಟೇಬಲ್ ತೆರದು, ಹಮಾಲರು ಚೀಲ ಎಣಿಸಿದಂಗ ಬೆರಳು ಇಟ್ಟು ಎಣಿಸಿದ್ಲು. ಊರು ಗಂಗಾವತಿ, ಚೀಲ 134, ಒಂದ ಸಾಲು.